ಎಲ್ಲಾ ಹಲ್ಲೂ ಕೀಳಿಸಬೇಕಾ? ಕೀಳಿಸಿದ ಮೇಲೆ ಸೆಟ್ಟಾ, ಇಂಪ್ಲಾಂಟಾ?

"ಎಲ್ಲಾ ಹಲ್ಲೂ ಕಿತ್ತು ಹೊಸ ಸೆಟ್ ಹಾಕಿಬಿಡೋಣ." ದಂತವೈದ್ಯರಿಂದ ಈ ಮಾತು ಕೇಳಿ ಮನೆಗೆ ಬಂದವರು ಮೊದಲು ಹುಡುಕುವುದು ಡೆಂಚರ್ (ತೆಗೆದು ಹಾಕುವ ಹಲ್ಲಿನ ಸೆಟ್) ಒಳ್ಳೆಯದಾ, ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ತಿರುಪು) ಒಳ್ಳೆಯದಾ ಅಂತ. ಅಮ್ಮನ ಸಲುವಾಗಿ ನಾನೂ ಅದನ್ನೇ ಹುಡುಕಿದೆ. ಮೂವರು ದಂತವೈದ್ಯರ ಎದುರು ಕೂತು ಮಾತಾಡಿದ ಮೇಲೆ ಗೊತ್ತಾಯಿತು, ಹಾಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಬಾಯಿ ಒಂದೇ ಆದರೂ ದವಡೆ ಎರಡು. ಮೇಲಿನದಕ್ಕೆ ಚೆನ್ನಾಗಿ ಹೊಂದಿಕೊಳ್ಳುವುದು ಕೆಳಗಿನದಕ್ಕೆ ಹೊಂದುವುದಿಲ್ಲ. ಎರಡಕ್ಕೂ ಸೇರಿಸಿ ಒಂದೇ ತೀರ್ಮಾನ ಮಾಡಿದವರು ಆಮೇಲೆ ಒದ್ದಾಡುವುದು ಜಾಸ್ತಿ.

ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ.

ನಿಜಕ್ಕೂ ಎಲ್ಲವೂ ಹೋಗಬೇಕಾ?

ಪ್ರತಿ ಹಲ್ಲಿಗೂ ಬೇರೆ ಬೇರೆ ಕಾರಣ ಕೇಳಿ. "ಒಸಡು ಹಾಳಾಗಿದೆ" ಎಂಬ ಒಂದೇ ಮಾತು ಇಡೀ ಬಾಯಿಗೆ ಸಾಲದು. ಪೂರ್ತಿ ಬಾಯಿಯ ಎಕ್ಸ್‌ರೇ ಎದುರಿಗಿಟ್ಟು, ಇದು ಯಾಕೆ ಹೋಗಬೇಕು, ಇದು ಯಾಕೆ ಅಂತ ಒಂದೊಂದಾಗಿ ತೋರಿಸಲು ಹೇಳಿ. ಒಳ್ಳೆಯ ವೈದ್ಯರಿಗೆ ಇದರಿಂದ ಬೇಜಾರಾಗುವುದಿಲ್ಲ.

ಉಳಿಸಲಾಗದ ಹಲ್ಲು ಹೇಗಿರುತ್ತದೆ ಅಂದರೆ, ಅಕ್ಕಪಕ್ಕಕ್ಕೆ ಅಲುಗಾಡುವುದರ ಜೊತೆಗೆ ಒತ್ತಿದರೆ ಒಳಕ್ಕೂ ಕುಸಿಯುತ್ತದೆ. ಎಕ್ಸ್‌ರೇನಲ್ಲಿ ನೋಡಿದರೆ ಬೇರಿನ ತುದಿಯ ಹತ್ತಿರದವರೆಗೂ ಮೂಳೆ ಕರಗಿರುತ್ತದೆ. ಇಲ್ಲವೇ ಹುಳುಕು ಒಸಡಿನ ಕೆಳಗೆ ಆಳಕ್ಕೆ ಇಳಿದು, ಕ್ಯಾಪ್ ಕೂರಿಸಲು ಗಟ್ಟಿ ಜಾಗವೇ ಇರುವುದಿಲ್ಲ. ಬೇರು ಉದ್ದಕ್ಕೆ ಸೀಳಿದ್ದರೂ ಅಷ್ಟೇ, ಆ ಹಲ್ಲನ್ನು ತೆಗೆಸಬೇಕು. ತಲೆ ಅಥವಾ ಕುತ್ತಿಗೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಆಗಬೇಕಿದ್ದರೆ ಅನುಮಾನದ ಹಲ್ಲುಗಳನ್ನು ಮೊದಲೇ ತೆಗೆಸುತ್ತಾರೆ. ವಿಕಿರಣ ತಗುಲಿದ ದವಡೆಯ ಮೂಳೆಯಲ್ಲಿ ಆಮೇಲೆ ಗಾಯ ಮಾಯುವುದು ಕಷ್ಟ.

ಇವು ಬಿಟ್ಟು ಉಳಿದ ಕಾರಣಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ನೋವಿದೆ, ಬಣ್ಣ ಕೆಟ್ಟಿದೆ, ನಗಲು ನಾಚಿಕೆ, ಒಂದ್ಸಲ ಎಲ್ಲಾ ತೆಗೆಸಿದರೆ ಕಾಟ ತಪ್ಪುತ್ತದೆ. ಕೊನೆಯದು ನನ್ನ ಅಮ್ಮನ ವಾದವೂ ಆಗಿತ್ತು. ವರ್ಷಗಟ್ಟಲೆ ಹಲ್ಲುನೋವು ತಿಂದವರಿಗೆ ಹಾಗನ್ನಿಸುವುದು ಸಹಜ. ಆದರೆ ಹಲ್ಲಿನ ಸೆಟ್ಟಿನಿಂದ ಸಿಗುವ ಅಗಿಯುವ ಬಲ ಸ್ವಂತ ಹಲ್ಲಿನ ಬಲದ ಸುಮಾರು ಕಾಲುಭಾಗ, ಕೆಲವರಿಗೆ ಅದಕ್ಕಿಂತಲೂ ಕಡಿಮೆ. ಒಂದು ಕಾಟ ಹೋಗಿ ಇನ್ನೊಂದು ಬರುತ್ತದೆ.

ಇನ್ನೊಂದು ವಿಷಯ: 32 ಹಲ್ಲೂ ಇರಲೇಬೇಕು ಅಂತ ಏನಿಲ್ಲ. ಮೇಲೆ ಕೆಳಗೆ ಸೇರಿ ಸುಮಾರು 20 ಹಲ್ಲು ಎದುರು ಬದುರಾಗಿ ಕೂಡಿಕೊಂಡರೆ ಹೆಚ್ಚಿನವರು ನೆಮ್ಮದಿಯಾಗಿ ಊಟ ಮಾಡುತ್ತಾರೆ. ಜಪಾನಿನಲ್ಲಿ 1989ರಲ್ಲಿ ಶುರುವಾದ "8020" ಅಭಿಯಾನದ ಗುರಿ ಅದೇ, 80ರ ವಯಸ್ಸಿನಲ್ಲೂ 20 ಹಲ್ಲು. ಹಿಂದಿನ ದವಡೆ ಹಲ್ಲುಗಳು ಹೋಗಿ ಮುಂದಿನವು ಗಟ್ಟಿಯಾಗಿದ್ದರೆ, ಆ ಜಾಗ ತುಂಬಿಸದೇ ಬಿಡುವುದೂ ಒಂದು ಚಿಕಿತ್ಸೆಯೇ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಎಲ್ಲರೂ ಮರೆಯುವ ನಡುದಾರಿ: ಎರಡು ಬೇರು ಉಳಿಸಿಕೊಳ್ಳುವುದು

ಹಲ್ಲು ಹೋಗಲಿ, ಬೇರು ಇರಲಿ. ಕೇಳಲು ವಿಚಿತ್ರ ಅನ್ನಿಸಬಹುದು. ಕೆಳಗಿನ ಎರಡು ಕೋರೆಹಲ್ಲುಗಳ ಬೇರಿಗೆ ರೂಟ್ ಕೆನಾಲ್ ಮಾಡಿ, ಹಲ್ಲನ್ನು ಒಸಡಿನ ಮಟ್ಟಕ್ಕೆ ಸವೆಸಿ, ಅದರ ಮೇಲೆ ಸೆಟ್ ಕೂರಿಸುತ್ತಾರೆ. ಕೋರೆಹಲ್ಲೇ ಯಾಕೆ? ಅದರ ಬೇರು ಬಾಯಲ್ಲಿ ಎಲ್ಲಕ್ಕಿಂತ ಉದ್ದ. ಸಾಮಾನ್ಯವಾಗಿ ಕೊನೆಯವರೆಗೆ ಉಳಿಯುವ ಹಲ್ಲುಗಳಲ್ಲಿ ಅದೂ ಒಂದು.

ಲಾಭ ಏನಂದರೆ, ಬೇರು ಇರುವ ಕಡೆ ಮೂಳೆಯೂ ಉಳಿಯುತ್ತದೆ. 1978ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದು ವರ್ಷ ಜನರನ್ನು ಗಮನಿಸಿದ್ದರು. ಕೆಳದವಡೆಯ ಮುಂಭಾಗದಲ್ಲಿ ಕೋರೆಹಲ್ಲಿನ ಬೇರು ಉಳಿಸಿಕೊಂಡವರಿಗೆ ಸರಾಸರಿ 0.6 ಮಿಲಿಮೀಟರ್ ಮೂಳೆ ಹೋಗಿತ್ತು. ಎಲ್ಲ ಕೀಳಿಸಿದವರಿಗೆ 5.2 ಮಿಲಿಮೀಟರ್. ಅರ್ಧ ಸೆಂಟಿಮೀಟರ್ ಅಂದರೆ ಸಣ್ಣದು ಅನ್ನಿಸಬಹುದು, ಆದರೆ ಸೆಟ್ ನಿಲ್ಲಬೇಕಾದ ದಿಬ್ಬವೇ ಅಷ್ಟು ಇಳಿಯುತ್ತದೆ. ಜೊತೆಗೆ ಬೇರಿನ ಸುತ್ತ ಒಂದು ತೆಳು ನಾರಿನ ಪದರ ಇರುತ್ತದೆ. ಬಾಯಲ್ಲಿ ಒಂದೇ ಒಂದು ಮರಳಿನ ಕಣ ಸಿಕ್ಕರೂ ನಮಗೆ ಥಟ್ಟನೆ ಗೊತ್ತಾಗುವುದು ಅದರಿಂದಲೇ. ಇಂಪ್ಲಾಂಟಿಗೆ ಆ ಪದರ ಇಲ್ಲ.

ತೊಂದರೆಯೂ ಇದೆ. ಆ ಬೇರನ್ನು ದಿನಾ ಉಜ್ಜಬೇಕು. ಇಲ್ಲದಿದ್ದರೆ ಸೆಟ್ಟಿನ ಕತ್ತಲಲ್ಲಿ ಅದೂ ಹುಳುಕಾಗುತ್ತದೆ.

ಉಳಿಸುವ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಳಗೆ ಮುಂದಿನ ಆರು ಹಲ್ಲು ಮಾತ್ರ ಇಟ್ಟುಕೊಂಡು, ಹಿಂದೆ ಏನೂ ಇಲ್ಲದೆ, ಮೇಲೆ ಪೂರ್ತಿ ಸೆಟ್ ಹಾಕಿಸಿದರೆ ಆ ಆರು ಹಲ್ಲು ಮೇಲಿನ ಸೆಟ್ಟಿನ ಮುಂಭಾಗವನ್ನು ಗುದ್ದುತ್ತಲೇ ಇರುತ್ತವೆ. ಕೆಲವು ವರ್ಷಗಳಲ್ಲಿ ಮೇಲಿನ ಮುಂಭಾಗದ ಮೂಳೆ ಕರಗಿ, ಒಸಡು ಮೆತ್ತಗೆ ಜೋತುಬೀಳುತ್ತದೆ. ಇಂಥ ಯೋಜನೆ ಮುಂದಿಟ್ಟರೆ ಹಿಂಬದಿಗೆ ಏನು ಆಧಾರ ಅಂತ ಕೇಳಲೇಬೇಕು.

ಕೀಳಿಸುವ ಮುಂಚೆ ಔಷಧದ ಪಟ್ಟಿ

ಇಲ್ಲಿ ಮುಚ್ಚುಮರೆ ಬೇಡ. ಮೂಳೆ ಸವೆತಕ್ಕೆ ಕೊಡುವ ಬಿಸ್ಫಾಸ್ಫೊನೇಟ್ ಗುಳಿಗೆ, ಇಂಜೆಕ್ಷನ್, ಅಥವಾ ಡೆನೊಸುಮ್ಯಾಬ್ ತೆಗೆದುಕೊಳ್ಳುತ್ತಿದ್ದರೆ ಹೇಳಿ. ಹಿಂದೆ ತೆಗೆದುಕೊಂಡು ನಿಲ್ಲಿಸಿದ್ದರೂ ಹೇಳಿ. ಹಲ್ಲು ಕಿತ್ತ ಜಾಗದಲ್ಲಿ ದವಡೆಯ ಮೂಳೆ ಮಾಯದೆ ಸತ್ತುಹೋಗುವ ಅಪಾಯ ಇವುಗಳಿಂದ ಬರುತ್ತದೆ. ಸಣ್ಣ ಪ್ರಮಾಣದ ಗುಳಿಗೆ ತೆಗೆದುಕೊಳ್ಳುವವರಿಗೆ ಇದು ಅಪರೂಪ, ಕ್ಯಾನ್ಸರಿಗೆ ದೊಡ್ಡ ಪ್ರಮಾಣದ ಇಂಜೆಕ್ಷನ್ ತೆಗೆದುಕೊಂಡವರಿಗೆ ಜಾಸ್ತಿ. ರಕ್ತ ತೆಳುವಾಗಿಸುವ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ಇಂಪ್ಲಾಂಟಿಗೆ ಅಡ್ಡಿಯಿಲ್ಲ, ಹತೋಟಿ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಸಿಗರೇಟು ಇಂಪ್ಲಾಂಟ್ ಬಿದ್ದುಹೋಗುವ ಅಪಾಯವನ್ನು ಸರಿಸುಮಾರು ಎರಡು ಪಟ್ಟು ಮಾಡುತ್ತದೆ.

ಎಲ್ಲಾ ಒಂದೇ ದಿನ ಕೀಳಿಸಬೇಕಾ, ಹಂತ ಹಂತವಾಗಿಯಾ? ಎರಡೂ ನಡೆಯುತ್ತದೆ. ಹಂತದ ದಾರಿಯಲ್ಲಿ ಮೊದಲು ಹಿಂದಿನ ಹಲ್ಲು ತೆಗೆದು, ಒಂದೆರಡು ತಿಂಗಳು ಮಾಯಲು ಬಿಟ್ಟು, ಆಮೇಲೆ ಮುಂದಿನವು ತೆಗೆದು ಅವತ್ತೇ ಸೆಟ್ ಹಾಕುತ್ತಾರೆ. ಹಿಂದೆ ಮಾಯ್ದ ಒಸಡಿನ ಮೇಲೆ ಸೆಟ್ ಚೆನ್ನಾಗಿ ಕೂರುತ್ತದೆ, ಮುಖಕ್ಕೂ ಒಂದು ದಿನ ಹಲ್ಲಿಲ್ಲದೆ ಇರುವ ಪ್ರಸಂಗ ಬರುವುದಿಲ್ಲ. ಅವಸರ ಇಲ್ಲದವರಿಗೆ ನನ್ನ ಮತ ಇದಕ್ಕೇ.

ಸೆಟ್: ಮೇಲಿನದು ಸಾಧು, ಕೆಳಗಿನದು ಹಠಮಾರಿ

ಮೇಲಿನ ಸೆಟ್ ಇಡೀ ಅಂಗುಳವನ್ನು ಮುಚ್ಚುತ್ತದೆ. ಸೆಟ್ಟಿಗೂ ಅಂಗುಳಕ್ಕೂ ನಡುವೆ ಜೊಲ್ಲಿನ ತೆಳು ಪದರ. ಎರಡು ಒದ್ದೆ ಗಾಜನ್ನು ಒಂದರ ಮೇಲೊಂದು ಇಟ್ಟರೆ ಬಿಡಿಸಲು ಬರುವುದಿಲ್ಲ ಅಲ್ವಾ, ಹಾಗೆ ಹಿಡಿದುಕೊಳ್ಳುತ್ತದೆ. ಅಂಚು ಸುತ್ತಲೂ ಗಾಳಿ ಹೋಗದಂತೆ ಕೂತಿದ್ದರೆ ವರ್ಷಗಟ್ಟಲೆ ತಕರಾರಿಲ್ಲ. ಬಾಯಿ ಒಣಗುವ ಔಷಧ ತೆಗೆದುಕೊಳ್ಳುವವರಿಗೆ ಮಾತ್ರ ಈ ಹಿಡಿತ ಕಡಿಮೆ.

ಕೆಳಗಿನದು ಕುದುರೆ ಲಾಳದ ಆಕಾರ. ನಡುವೆ ನಾಲಿಗೆ. ಸೆಟ್ ನಿಲ್ಲುವ ಜಾಗ ಮೇಲಿನದರ ಸುಮಾರು ಅರ್ಧದಷ್ಟೇ ಸಿಗುತ್ತದೆ, ಗಾಳಿ ತಡೆಯುವ ಅಂಚೂ ಸರಿಯಾಗಿ ಆಗುವುದಿಲ್ಲ. ನಾಲಿಗೆ ಒಳಗಿಂದ ತಳ್ಳುತ್ತದೆ, ಕೆನ್ನೆ ಹೊರಗಿಂದ ತಳ್ಳುತ್ತದೆ. ಮೂಳೆ ಕರಗುವುದೂ ಕೆಳಗೇ ಜಾಸ್ತಿ. ಬಹಳ ವರ್ಷ ಸೆಟ್ ಹಾಕಿದವರನ್ನು ಗಮನಿಸಿದಾಗ, ಮುಂಭಾಗದಲ್ಲಿ ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆದಿದ್ದು ಕಂಡುಬಂದಿದೆ. "ನನಗೆ ಸೆಟ್ ಹೊಂದಲಿಲ್ಲ" ಅನ್ನುವವರನ್ನು ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ದೂರುವುದು ಕೆಳಗಿನದನ್ನೇ ಇರಬೇಕು. ಇದು ನನ್ನ ಅಂದಾಜು, ಲೆಕ್ಕ ಇಟ್ಟಿಲ್ಲ.

ಕೀಳಿಸಿದ ದಿನವೇ ಹಾಕುವ ಸೆಟ್ ಬೇಕೋ, ಮಾಯ್ದ ಮೇಲೆ ಮಾಡಿಸುವುದೋ ಎಂಬ ಆಯ್ಕೆಯೂ ಇದೆ. ಅವತ್ತೇ ಹಾಕುವ ಸೆಟ್ಟಿನ ಅಳತೆಯನ್ನು ಹಲ್ಲು ಇರುವಾಗಲೇ ತೆಗೆದಿರುತ್ತಾರೆ. ಹಾಗಾಗಿ ಅದು ಅಂದಾಜಿನ ಮಾಲು. ಮೊದಲ 24 ಗಂಟೆ ಅದನ್ನು ತೆಗೆಯಬೇಡಿ ಅನ್ನುತ್ತಾರೆ. ತೆಗೆದರೆ ಊತ ಬಂದು ವಾಪಸ್ ಕೂರುವುದಿಲ್ಲ, ಗಾಯದ ಮೇಲೆ ಬ್ಯಾಂಡೇಜಿನ ಕೆಲಸವನ್ನೂ ಅದೇ ಮಾಡುತ್ತಿರುತ್ತದೆ. ಮುಂದಿನ ತಿಂಗಳುಗಳಲ್ಲಿ ಒಸಡು ಇಳಿದ ಹಾಗೆ ಸೆಟ್ ಸಡಿಲವಾಗುತ್ತದೆ. ಒಳಗೆ ಮೆತ್ತಗಿನ ಪದರ ಹಾಕಿಸಬೇಕು, ಮತ್ತೆ ಹಾಕಿಸಬೇಕು. ಸುಮಾರು ಆರು ತಿಂಗಳ ಮೇಲೆ ಪಕ್ಕಾ ಸೆಟ್. ಅಂದರೆ ಎರಡು ಸೆಟ್ಟಿನ ಖರ್ಚು. ಇದನ್ನು ಮೊದಲೇ ಹೇಳದೇ ಇದ್ದರೆ ಜಗಳಕ್ಕೆ ದಾರಿ. ನಮಗೂ ಮೊದಲು ನೋಡಿದ ಕಡೆ ಹೇಳಿರಲಿಲ್ಲ.

ಕೀಳಿಸಿ ಮೂರು ತಿಂಗಳು ಕಾದು ಮಾಡಿಸಿದರೆ ಅಳತೆ ಚೆನ್ನಾಗಿ ಬರುತ್ತದೆ. ಆದರೆ ಅಷ್ಟು ದಿನ ಬೊಚ್ಚುಬಾಯಿ. ಹೊರಗೆ ಓಡಾಡಿ ಕೆಲಸ ಮಾಡುವವರಿಗೆ ಇದು ಆಗದ ಮಾತು.

ಹೊಸ ಸೆಟ್ಟಿನ ಮೊದಲ ವಾರಗಳಲ್ಲಿ "ಸ", "ಶ" ಸೀಟಿ ಹೊಡೆಯುತ್ತವೆ, "ಫ" ಗಾಳಿಯಾಗುತ್ತದೆ. ಗಟ್ಟಿಯಾಗಿ ಓದಿದರೆ ಬೇಗ ಸರಿಹೋಗುತ್ತದೆ. ಊಟ ಎರಡೂ ಕಡೆ ಹಂಚಿ ಅಗಿಯಬೇಕು, ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಮೇಲೇಳುತ್ತದೆ. ರಾತ್ರಿ ತೆಗೆದು ನೀರಿನಲ್ಲಿಡಿ. ಹಾಕಿಕೊಂಡೇ ಮಲಗಿದರೆ ಅಂಗುಳ ಕೆಂಪಾಗಿ ಶಿಲೀಂಧ್ರ ಬೆಳೆಯುತ್ತದೆ. ತುಂಬಾ ವಯಸ್ಸಾದವರಲ್ಲಿ ನ್ಯುಮೋನಿಯಾ ಅಪಾಯವೂ ಜಾಸ್ತಿ ಕಂಡಿದೆ. ಕುದಿನೀರು ಬೇಡ, ಸೆಟ್ ಸೊಟ್ಟಗಾಗುತ್ತದೆ. ಟೂತ್‌ಪೇಸ್ಟೂ ಬೇಡ, ಅದು ಗೀರುತ್ತದೆ. ಅಂಟು ಹಾಕಿಯೇ ನಿಲ್ಲಿಸಬೇಕು ಅಂತಾದರೆ ಹೆಚ್ಚಾಗಿ ಸೆಟ್ಟಿನ ಅಳತೆ ತಪ್ಪಿದೆ ಅಂತ ಅರ್ಥ. ಸತುವಿರುವ ಅಂಟನ್ನು ವರ್ಷಗಟ್ಟಲೆ ಮಿತಿಮೀರಿ ಬಳಸಿದವರಿಗೆ ದೇಹದಲ್ಲಿ ತಾಮ್ರ ಕಡಿಮೆಯಾಗಿ ನರಗಳ ತೊಂದರೆ ಬಂದಿದ್ದೂ ಇದೆ.

ಕೆಳಗೆ ಎರಡು ಇಂಪ್ಲಾಂಟ್: ನನ್ನ ಓಟು ಇದಕ್ಕೆ

ಇಂಪ್ಲಾಂಟ್ ಅಂದರೆ ಮೂಳೆಗೆ ಕೂರಿಸುವ ಟೈಟಾನಿಯಂ ತಿರುಪು. 1952ರಲ್ಲಿ ಸ್ವೀಡನ್ನಿನ ಸಂಶೋಧಕ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಂ ಸಾಧನ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಮೂಳೆ ಅದನ್ನು ಅಪ್ಪಿಕೊಂಡಿತ್ತು. 1965ರಲ್ಲಿ ಅವರು ಮೊದಲ ರೋಗಿಗೆ ಹಲ್ಲಿಗಾಗಿ ಅದನ್ನೇ ಹಾಕಿದರು. ಆ ರೋಗಿ ಸುಮಾರು 40 ವರ್ಷ, ಕೊನೆಯುಸಿರಿನವರೆಗೂ ಆ ಇಂಪ್ಲಾಂಟುಗಳನ್ನು ಬಳಸಿದರು.

ಈಗ ಕೆಳದವಡೆಯ ಮುಂಭಾಗದಲ್ಲಿ ಇಂಥ ಎರಡು ತಿರುಪು ಹಾಕಿ, ಅದರ ತಲೆಗೆ ಗುಂಡಿ ಕೂರಿಸಿ, ಸೆಟ್ಟಿನ ಒಳಗೆ ನೈಲಾನ್ ಉಂಗುರ ಇಡುತ್ತಾರೆ. ಒತ್ತಿದರೆ ಅಂಗಿಯ ಒತ್ತುಗುಂಡಿಯ ಹಾಗೆ ಟಕ್ ಅಂತ ಕೂರುತ್ತದೆ. ಎತ್ತಿದರೆ ಬರುತ್ತದೆ. ಅಷ್ಟೇ. ಆದರೆ ಬದುಕಿನಲ್ಲಿ ಆಗುವ ವ್ಯತ್ಯಾಸ ದೊಡ್ಡದು. ಮಾತಿನ ನಡುವೆ ಸೆಟ್ ಏಳುವುದಿಲ್ಲ, ಅಗಿಯುವ ಬಲ ಹೆಚ್ಚುತ್ತದೆ, ಆ ಭಾಗದ ಮೂಳೆಯೂ ನಿಲ್ಲುತ್ತದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆಯೇ ಇದಾಗಬೇಕು, ಬರೀ ಸೆಟ್ ಅಲ್ಲ ಅಂದರು. 2009ರಲ್ಲಿ ಬ್ರಿಟನ್ನಿನ ಯಾರ್ಕ್‌ನಲ್ಲಿ ಸೇರಿದವರೂ ಅದನ್ನೇ ಒಪ್ಪಿದರು.

ದವಡೆಯ ಮುಂಭಾಗವೇ ಯಾಕೆ? ಹಿಂದೆ ಮೂಳೆಯೊಳಗೆ ತುಟಿ-ಗಲ್ಲದ ನರ ಹರಿಯುತ್ತದೆ. ಮುಂದೆ ಆ ಭಯ ಕಡಿಮೆ, ಮೂಳೆಯೂ ಗಟ್ಟಿ. ಎಷ್ಟೋ ವರ್ಷ ಸೆಟ್ ಹಾಕಿ ದವಡೆ ಸವೆದವರಿಗೂ ಅಲ್ಲಿ ಎರಡು ತಿರುಪಿಗೆ ಸಾಮಾನ್ಯವಾಗಿ ಜಾಗ ಸಿಗುತ್ತದೆ. ನೈಲಾನ್ ಉಂಗುರ ಸವೆಯುತ್ತದೆ, ವರ್ಷಕ್ಕೊಮ್ಮೆಯೋ ಇನ್ನೂ ಮುಂಚೆಯೋ ಬದಲಿಸಬೇಕು. ಹಿಂಬದಿಯಲ್ಲಿ ಸೆಟ್ ಈಗಲೂ ಒಸಡಿನ ಮೇಲೇ ಕೂತಿರುವುದರಿಂದ ಅಲ್ಲಿ ಒಮ್ಮೊಮ್ಮೆ ಒಳಪದರ ಸರಿಮಾಡಿಸಬೇಕು.

ಇದೇ ಲೆಕ್ಕವನ್ನು ಮೇಲಿನ ದವಡೆಗೆ ಹಾಕಬೇಡಿ. ಮೇಲಿನ ಮೂಳೆ ಸ್ಪಂಜಿನ ಹಾಗೆ ಮೃದು. ಅಲ್ಲಿ ಎರಡು ಸಾಲದು, ಕನಿಷ್ಠ ನಾಲ್ಕು ಬೇಕು ಅನ್ನುತ್ತಾರೆ. ಮೇಲೆ ಇಂಪ್ಲಾಂಟ್ ಹಾಕಿಸುವ ಒಳ್ಳೆಯ ಕಾರಣ ಅಂದರೆ ಅಂಗುಳ ಮುಚ್ಚಿದರೆ ವಾಂತಿ ಬರುವಂತಾಗುವುದು, ಅಥವಾ ಮೂಳೆ ಪೂರ್ತಿ ಸಪಾಟಾಗಿರುವುದು. ಮೇಲಿನ ದವಡೆಯಲ್ಲಿ ಬರೀ ಸೆಟ್ಟೇ ಚೆನ್ನಾಗಿ ನಿಂತಿದ್ದರೆ ದುಡ್ಡನ್ನು ಕೆಳಗಿನ ದವಡೆಗೆ ಹಾಕಿ.

ತೆಗೆಯದ ಹಲ್ಲು: ನಾಲ್ಕು ತಿರುಪಿನ ಮೇಲೆ ಒಂದು ಸಾಲು

ಜಾಹೀರಾತಿನಲ್ಲಿ ಕಾಣುವುದು ಇದು. ಪೋರ್ಚುಗಲ್ಲಿನ ದಂತವೈದ್ಯ ಪಾಲೊ ಮಾಲೊ 1990ರ ದಶಕದ ಕೊನೆಯಲ್ಲಿ ಬೆಳೆಸಿದ "ಆಲ್-ಆನ್-ಫೋರ್" ವಿಧಾನ. ಮುಂದಿನ ಎರಡು ತಿರುಪು ನೆಟ್ಟಗೆ, ಹಿಂದಿನ ಎರಡು ಓರೆಯಾಗಿ, 45 ಡಿಗ್ರಿಯವರೆಗೂ. ಓರೆ ಹಾಕಿದರೆ ಕೆಳಗೆ ನರವನ್ನೂ ಮೇಲೆ ಮೂಗಿನ ಪಕ್ಕದ ಸೈನಸ್ ಪೊಳ್ಳನ್ನೂ ತಪ್ಪಿಸಿ ಉದ್ದದ ತಿರುಪು ಕೂರಿಸಬಹುದು. ಮೂಳೆ ಕಸಿಯ (ಕಡಿಮೆ ಇರುವ ಕಡೆ ಮೂಳೆ ತುಂಬಿಸುವುದರ) ಅಗತ್ಯ ಎಷ್ಟೋ ಸಲ ತಪ್ಪುತ್ತದೆ.

"ಒಂದೇ ದಿನದಲ್ಲಿ ಹಲ್ಲು" ಅನ್ನುವುದು ಸುಳ್ಳಲ್ಲ, ಆದರೆ ಅರ್ಧ ಮಾತು. ಅವತ್ತು ಸಿಗುವುದು ತಾತ್ಕಾಲಿಕ ಅಕ್ರಿಲಿಕ್ (ಪ್ಲಾಸ್ಟಿಕ್) ಸಾಲು. ಮೂಳೆ ತಿರುಪನ್ನು ಹಿಡಿಯಲು ಮೂರರಿಂದ ಆರು ತಿಂಗಳು ಬೇಕು, ಅಲ್ಲಿಯವರೆಗೆ ಮೆತ್ತಗಿನ ಊಟ. ತಿರುಪು ಕೂರಿಸುವಾಗ ಹಿಡಿತ ಸಾಲದಿದ್ದರೆ ಅವತ್ತು ಹಲ್ಲು ಕೂರಿಸುವುದೇ ಇಲ್ಲ. ಹಾಗಾದರೆ ಏನು ಕೊಡುತ್ತೀರಿ ಅಂತ ಮೊದಲೇ ಕೇಳಿ. ಪಕ್ಕಾ ಸಾಲಿಗೆ ಎರಡು ದಾರಿ. ಲೋಹದ ಪಟ್ಟಿಯ ಮೇಲೆ ಅಕ್ರಿಲಿಕ್ ಆದರೆ ಹಗುರ, ಒಂದು ಹಲ್ಲು ಎದ್ದರೆ ರಿಪೇರಿ ಸುಲಭ, ಆದರೆ ಏಳುವುದೂ ಸವೆಯುವುದೂ ಜಾಸ್ತಿ. ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು ಗಟ್ಟಿ, ಕಲೆ ಹಿಡಿಯುವುದಿಲ್ಲ, ಆದರೆ ಬಿರುಕು ಬಿಟ್ಟರೆ ಹೆಚ್ಚಾಗಿ ಇಡೀ ಸಾಲನ್ನೇ ಹೊಸದಾಗಿ ಮಾಡಿಸಬೇಕು.

ಆರೋ ಎಂಟೋ ತಿರುಪು ಹಾಕುವವರೂ ಇದ್ದಾರೆ. ಅದರ ಒಂದು ಲಾಭ ನೇರ: ನಾಲ್ಕರಲ್ಲಿ ಒಂದು ಹೋದರೆ ಇಡೀ ಸಾಲಿಗೆ ಸಂಕಟ, ಆರರಲ್ಲಿ ಒಂದು ಹೋದರೆ ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತದೆ. ಮೇಲಿನ ಮೂಳೆ ತೀರಾ ಇಲ್ಲದವರಿಗೆ ಕೆನ್ನೆಯ ಮೂಳೆವರೆಗೆ ಹೋಗುವ ಉದ್ದದ ತಿರುಪೂ ಇದೆ. ಅದು ಅನುಭವಿಗಳ ಕೈಯಲ್ಲಿ ಮಾತ್ರ ಆಗಬೇಕಾದ ಕೆಲಸ.

ಹತ್ತು ವರ್ಷದ ಮೇಲೂ ನೂರರಲ್ಲಿ ಸುಮಾರು 95 ಇಂಪ್ಲಾಂಟ್ ಬಾಯಲ್ಲೇ ಇರುತ್ತವೆ. ಆದರೆ ಬಾಯಲ್ಲಿರುವುದು ಬೇರೆ, ಆರೋಗ್ಯವಾಗಿರುವುದು ಬೇರೆ. ಇಂಪ್ಲಾಂಟ್ ಸುತ್ತ ಕೀವು ತುಂಬಿ ಮೂಳೆ ಕರಗುವ ಕಾಯಿಲೆ ಐದರಲ್ಲಿ ಒಬ್ಬರಿಗೆ ಬರಬಹುದು. ಒಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡವರಿಗೆ ಈ ಅಪಾಯ ಇನ್ನೂ ಜಾಸ್ತಿ. ತೆಗೆಯಲು ಬಾರದ ಸಾಲಿನ ಅಡಿಯಲ್ಲಿ ದಿನಾ ಸಣ್ಣ ಬ್ರಶ್ ತೂರಿಸಿಯೋ ನೀರಿನ ಧಾರೆ ಬಿಟ್ಟೋ ಶುಚಿ ಮಾಡಲೇಬೇಕು. ಕೈ ನಡುಗುವವರು, ಕಣ್ಣು ಮಂಜಾದವರು, ಇನ್ನೊಬ್ಬರ ಆರೈಕೆಯಲ್ಲಿರುವವರು ಇಲ್ಲಿ ಸ್ವಲ್ಪ ಯೋಚಿಸಬೇಕು. ಅವರಿಗೆ ತೆಗೆದು ತೊಳೆಯಬಹುದಾದ ಗುಂಡಿಯ ಸೆಟ್ಟೇ ಮೇಲು. ಆರೈಕೆ ಮಾಡುವವರಿಗೂ ಅದೇ ಸುಲಭ.

ಇನ್ನೂ ವಯಸ್ಸಿದೆ, ಕೈ ಚುರುಕಾಗಿದೆ, ತೆಗೆಯುವ ಹಲ್ಲು ಅಂದರೇ ಮನಸ್ಸಿಗೆ ಆಗುವುದಿಲ್ಲ, ದುಡ್ಡಿಗೂ ತೊಂದರೆಯಿಲ್ಲ ಅನ್ನುವವರಿಗೆ ಕಾಯಂ ಸಾಲು ಸರಿ. ಅವರು ಸುಮ್ನೆ ಗುಂಡಿ ಸೆಟ್ಟಿನಲ್ಲಿ ಅರೆಮನಸ್ಸಿನಿಂದ ಇರಬೇಕಾಗಿಲ್ಲ.

ದುಡ್ಡು ಈಗಿಲ್ಲ, ಮುಂದೆ ಬರಬಹುದು ಅನ್ನುವವರು ಎರಡೂ ಕಡೆ ಒಳ್ಳೆಯ ಸೆಟ್ ಮಾಡಿಸಿಕೊಂಡು, ಆಮೇಲೆ ಕೆಳಗೆ ಎರಡು ತಿರುಪು ಸೇರಿಸಬಹುದು. ಅದೇ ಸೆಟ್ಟಿಗೆ ಒಳಗೆ ಉಂಗುರ ಕೂರಿಸಿ ಕೊಡುವುದೂ ಉಂಟು. ಕಾಯಂ ಸಾಲಿನ ಆಸೆ ಇದ್ದರೆ ಮಾತ್ರ ಬಹಳ ವರ್ಷ ಕಾಯಬೇಡಿ. ಕೀಳಿಸಿದ ಮೊದಲ ವರ್ಷದಲ್ಲೇ ಮೂಳೆ ಎಲ್ಲಕ್ಕಿಂತ ವೇಗವಾಗಿ ಇಳಿಯುತ್ತದೆ, ತಡವಾದಷ್ಟೂ ಕಸಿಯ ಮಾತು ಬರುತ್ತದೆ.

ಅಮ್ಮ ಕೊನೆಗೆ ಮೇಲೆ ಬರೀ ಸೆಟ್, ಕೆಳಗೆ ಎರಡು ಇಂಪ್ಲಾಂಟಿನ ಸೆಟ್ ಹಾಕಿಸಿಕೊಂಡಳು. ಬೇರು ಉಳಿಸುವ ಆಸೆ ನನಗಿತ್ತು, ಆದರೆ ಎಕ್ಸ್‌ರೇನಲ್ಲಿ ಒಂದು ಕೋರೆಹಲ್ಲಿನ ಬೇರು ಸೀಳಿತ್ತು. ಒಂದು ವರ್ಷದ ಮೇಲೆ ಕೆಳಗಿನದು ಸಡಿಲವಾದಾಗ ಬೇರೆ ವೈದ್ಯರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ, "ಯಾವ ಕಂಪನಿಯ ಇಂಪ್ಲಾಂಟ್?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಒಂದು ಕಂಪನಿಯ ಗುಂಡಿಗೆ ಇನ್ನೊಂದರ ಉಂಗುರ ಎಲ್ಲಾ ಸಲವೂ ಕೂರುವುದಿಲ್ಲ. ಹಳೆಯ ಕ್ಲಿನಿಕ್ಕಿಗೆ ಮೂರು ಸಲ ಅಲೆದ ಮೇಲೆ ಒಂದು ಸ್ಟಿಕ್ಕರ್ ಸಿಕ್ಕಿತು. ಅದರಲ್ಲಿ ಕಂಪನಿ, ತಿರುಪಿನ ಉದ್ದ, ಅಗಲ, ಬ್ಯಾಚ್ ಸಂಖ್ಯೆ ಎಲ್ಲಾ ಇತ್ತು. ನೀವು ಅದನ್ನು ಶಸ್ತ್ರಚಿಕಿತ್ಸೆಯ ದಿನವೇ ಕೇಳಿ ಇಸ್ಕೊಳ್ಳಿ, ಫೋಟೊ ತೆಗೆದು ಮನೆಯವರಿಗೂ ಒಂದು ಕಳಿಸಿಡಿ.